ರಾಜೀನಾಮೆಗೂ ಒಂದು ಮುಹೂರ್ತ

ಫ್ಯಾಕ್ಟರಿಯ ಅಕೌಂಟ್ಸ್ ಕೆಲಸ ಬಿಟ್ಟು ರಿಯಲ್ ಎಸ್ಟೇಟ್ ಮಾಡುತ್ತಿದ್ದೇನೆ ಎಂದರೆ ಎದುರಿನವರಿಂದ ಎರಡೇ ಥರದ ಮಾತು ಬರುತ್ತದೆ. ನನ್ನ ವಯಸ್ಸಿನವರಾದರೆ, ‘ಒಂದು ಡೀಲಿಗೆ ಎಷ್ಟು ಸಿಗುತ್ತೆ ಮಗಾ?’ ದೊಡ್ಡವರಾದರೆ, ‘ಬಿ.ಕಾಂ ಓದಿ ಕೊನೆಗೆ ಬ್ರೋಕರ್ ಆದೆಯೇನಪ್ಪಾ?’ ಮೊದಲನೆಯದಕ್ಕೆ ಉತ್ತರ ಹೇಳಿದರೆ ಯಾರೂ ನಂಬುವುದಿಲ್ಲ. ಎರಡನೆಯದು ಪ್ರಶ್ನೆಯೇ ಅಲ್ಲ. ಯಾವಾಗ ಬಿಟ್ಟೆ, ಬಿಡುವಾಗ ಕೈಯಲ್ಲಿ ಏನಿತ್ತು ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ನಿಜವಾಗಿ ಕೇಳಬೇಕಾದದ್ದು ಅದನ್ನೇ.

ಇದನ್ನು ಓದುತ್ತಿರುವವರಲ್ಲಿ ಕೆಲವರು ಈಗಷ್ಟೇ ಕೆಲಸಕ್ಕೆ ಸೇರಿರಬಹುದು, ಕೆಲವರು ಇನ್ನೂ ಹುಡುಕುತ್ತಿರಬಹುದು. ಮೊಬೈಲ್ ತೆರೆದರೆ ಸಾಕು, ‘ಹತ್ತರಿಂದ ಐದರ ಗುಲಾಮಗಿರಿ ಬಿಡಿ, ನಿಮ್ಮ ಒಡೆಯ ನೀವೇ ಆಗಿ’ ಎನ್ನುವ ವಿಡಿಯೊಗಳು ಸಾಲಾಗಿ ಬರುತ್ತವೆ. ಬಿಟ್ಟ ಮಾರನೆಯ ತಿಂಗಳು ಮನೆ ಬಾಡಿಗೆ ಯಾರು ಕೊಡುತ್ತಾರೆ ಎಂದು ಅವರು ಹೇಳುವುದಿಲ್ಲ. ನಾನು ಆ ಲೆಕ್ಕವನ್ನು ಬರೆದಿಟ್ಟುಕೊಂಡಿದ್ದೇನೆ. ಹಂಚಿಕೊಂಡರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಒಂದನೇ ತಾರೀಖಿನ ಸುಖ

ನಾನು ಮೈಸೂರಿನವನು. ಕೆಲಸಕ್ಕೆ ಸೇರಿದ್ದು 2019ರ ಜುಲೈ 1ರಂದು, ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ. ಬಿಲ್ಲು, ವೋಚರ್, ಜಿಎಸ್‌ಟಿ ರಿಟರ್ನ್, ತಿಂಗಳ ಕೊನೆಯ ಸ್ಟಾಕ್ ಲೆಕ್ಕ ನನ್ನ ಕೆಲಸ. ಬಿಡುವ ಹೊತ್ತಿಗೆ ಕೈಗೆ ಬರುತ್ತಿದ್ದ ಸಂಬಳ 23,400 ರೂಪಾಯಿ.

ಈ ಥರದ ಲೇಖನಗಳಲ್ಲಿ ಹಳೆಯ ಕೆಲಸವನ್ನು ಬೈಯುವುದು ವಾಡಿಕೆ. ನನಗೆ ಬೈಯಲು ಏನೂ ಇಲ್ಲ. ಮ್ಯಾನೇಜರ್ ಒಳ್ಳೆಯವರು. ಕ್ಯಾಂಟೀನಿನ ಉಪ್ಪಿಟ್ಟು ಸುಮಾರಾಗಿತ್ತು, ಚಹಾ ಚೆನ್ನಾಗಿತ್ತು. 2020ರ ಲಾಕ್‌ಡೌನಿನಲ್ಲಿ ನಮ್ಮ ಬೀದಿಯ ಹೋಟೆಲಿನವರು, ಆಟೊದವರು ಪೈಸೆಗೆ ಪರದಾಡುವಾಗ ನಮ್ಮ ಮನೆಗೆ ಅರ್ಧ ಸಂಬಳವಾದರೂ ಬಂತು. ಒಂದನೇ ತಾರೀಖು ಮೊಬೈಲ್ ‘ಟಿಣ್’ ಎಂದರೆ ಅಮ್ಮ ಅಡುಗೆಮನೆಯಿಂದಲೇ, ‘ಬಂತಾ?’ ಎನ್ನುತ್ತಿದ್ದರು. ಆ ಒಂದು ಶಬ್ದದ ಬೆಲೆ ಎಷ್ಟು ಎಂದು ಗೊತ್ತಿಲ್ಲದವರು ಕೆಲಸ ಬಿಡುವ ಯೋಚನೆ ಮಾಡಬಾರದು.

ಮನೆಯಲ್ಲಿ ನಾವು ನಾಲ್ವರು. ಅಪ್ಪ ಸಾರಿಗೆ ಬಸ್ ಚಾಲಕರಾಗಿ ನಿವೃತ್ತರಾದವರು, ಪಿಂಚಣಿ ತಿಂಗಳಿಗೆ 2,900 ರೂಪಾಯಿ. ಅಮ್ಮನಿಗೆ ಸಕ್ಕರೆ ಕಾಯಿಲೆ. ತಂಗಿ ಸರ್ಕಾರಿ ಕಾಲೇಜಿನಲ್ಲಿ ಪದವಿ ಓದುತ್ತಿದ್ದಾಳೆ. ಬಾಡಿಗೆ 8,000 ಸೇರಿ ತಿಂಗಳ ಖರ್ಚು 21,000.

ನಾವು ಬಾಡಿಗೆ ಮನೆಯಲ್ಲಿರುವುದಕ್ಕೆ ಒಂದು ಕಾರಣವಿದೆ. 2009ರಲ್ಲಿ ಅಪ್ಪ ಪಿ.ಎಫ್. ಮುಂಗಡ ತೆಗೆದು, ಅಮ್ಮನ ಎರಡು ಬಳೆ ಮಾರಿ, ಊರ ಹೊರಗೆ ಒಂದು ಥರ್ಟಿ–ಫಾರ್ಟಿ ಸೈಟು ಕೊಂಡರು. ತೋರಿಸಿದ ಬ್ರೋಕರ್ ಬಹಳ ವಿನಯವಂತ. ‘ಇನ್ನು ಎರಡು ವರ್ಷಕ್ಕೆ ಎಲ್ಲಾ ಅಪ್ರೂವಲ್ ಆಗುತ್ತೆ ಸಾರ್’ ಎಂದಿದ್ದನಂತೆ. ಅದು ಭೂಪರಿವರ್ತನೆಯಾಗದ ಜಮೀನು. ಬಡಾವಣೆಗೆ ನಕ್ಷೆ ಅನುಮೋದನೆ ಇಲ್ಲ, ಖಾತೆ ಇಲ್ಲ. ಮನೆ ಕಟ್ಟಲು ಪರವಾನಗಿ ಸಿಗುವುದಿಲ್ಲ, ಬ್ಯಾಂಕು ಸಾಲ ಕೊಡುವುದಿಲ್ಲ. ಆ ಬ್ರೋಕರ್ ಆಮೇಲೆ ಫೋನ್ ತೆಗೆಯಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ‘ಬ್ರೋಕರ್’ ಎನ್ನುವುದು ಬೈಗುಳದ ಮಾತು.

ಭಾನುವಾರದ ಪಾಠಶಾಲೆ

ಈ ವೃತ್ತಿಗೆ ನನ್ನನ್ನು ಎಳೆದು ತಂದದ್ದೂ ಅದೇ ಸೈಟು. ಅದರ ಕಾಗದಪತ್ರ ಸರಿಮಾಡಿಸಬಹುದೇ ಎಂದು ರಜೆ ಹಾಕಿ ತಾಲ್ಲೂಕು ಕಚೇರಿ, ಉಪನೋಂದಣಾಧಿಕಾರಿ ಕಚೇರಿ ಅಲೆದೆ. ಸೈಟಿನ ಕೆಲಸ ಆಗಲಿಲ್ಲ. ಆದರೆ ಪಹಣಿ ಓದುವುದು ಗೊತ್ತಾಯಿತು. ಮ್ಯುಟೇಷನ್ ಎಂದರೇನು, ಇ.ಸಿ. ಯಾಕೆ ಬೇಕು, ಭೂಪರಿವರ್ತನೆ ಆದೇಶ ಯಾರು ಕೊಡುತ್ತಾರೆ, ಬಡಾವಣೆ ನಕ್ಷೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನೇ ಸೈಟೆಂದು ಮಾರಿದರೆ ಹೇಗೆ ಕಂಡುಹಿಡಿಯುವುದು ಎಂದೆಲ್ಲ ಕಲಿತೆ. ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ಇ.ಸಿ. ತೆಗೆಯಬಹುದು. ಆದರೆ 2004ರ ಏಪ್ರಿಲ್‌ಗಿಂತ ಹಿಂದಿನ ವಹಿವಾಟು ಬೇಕೆಂದರೆ ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಅನೇಕ ವ್ಯಾಜ್ಯಗಳ ಬೇರು ಇರುವುದು ಆ ಹಳೆಯ ಪುಟಗಳಲ್ಲೇ.

ಕಾರ್ಖಾನೆಯಲ್ಲಿ ಸುದ್ದಿ ಹರಡಿತು. ‘ಒಂದು ಸೈಟು ನೋಡಿದ್ದೀನಿ, ಪೇಪರ್ ನೋಡ್ತೀಯಾ?’ ಎಂದು ಊಟದ ಹೊತ್ತಿಗೆ ಒಬ್ಬೊಬ್ಬರೇ ಬರತೊಡಗಿದರು. ಆಗಲೇ ನನಗೆ ಅನಿಸಿದ್ದು: ಸೈಟು ತೋರಿಸುವವರು ಊರ ತುಂಬ ಇದ್ದಾರೆ, ಕಾಗದ ಓದಿ ಹೇಳುವವರು ಕಡಿಮೆ. ಇದನ್ನೇ ಕೆಲಸವಾಗಿ ಮಾಡಿದರೆ?

2023ರ ಏಪ್ರಿಲ್‌ನಲ್ಲಿ ಶುರು ಮಾಡಿದೆ. ಅದಕ್ಕೂ ಮೊದಲು ನನ್ನ ನೇಮಕಾತಿ ಪತ್ರ ತೆಗೆದು ಓದಿದೆ. ಅನುಮತಿ ಇಲ್ಲದೆ ಬೇರೆ ಕೆಲಸ ಮಾಡಬಾರದು ಎಂದು ಅದರಲ್ಲಿತ್ತು. ನಿಮ್ಮದರಲ್ಲೂ ಇರಬಹುದು, ನೋಡಿ. ಮ್ಯಾನೇಜರಿಗೆ ನೇರವಾಗಿ ಹೇಳಿದೆ. ‘ಭಾನುವಾರ ನಿಂದು ಕಣಪ್ಪ. ಕಂಪನಿ ಟೈಮು, ಕಂಪನಿ ಫೋನು ಮುಟ್ಟಬೇಡ’ ಎಂದು ಅರ್ಜಿಯ ಮೇಲೆ ಸಹಿ ಹಾಕಿಕೊಟ್ಟರು. ಕದ್ದು ಮಾಡುವ ಅಗತ್ಯ ಬೀಳಲಿಲ್ಲ. ಮೊದಮೊದಲು ಪ್ರಾಧಿಕಾರ ಹಂಚಿದ ಹಳೆಯ ಸೈಟುಗಳ ಮರುಮಾರಾಟ ಮಾತ್ರ ಮಾಡಿದೆ.

ಮೊದಲ ಕಮಿಷನ್ ಎಂಬ ಮಾಯೆ

ಮೊದಲ ವ್ಯವಹಾರ ನೋಂದಣಿಯಾದದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. 38 ಲಕ್ಷದ ಸೈಟು. ಶೇ 1ರಷ್ಟು ಕಮಿಷನ್ ಎಂದರೆ 38,000. ಮಾರುವವರ ಕಡೆಯ ಏಜೆಂಟ್ ಜೊತೆ ಹಂಚಿಕೊಂಡು ನನಗೆ ಬಂದದ್ದು 19,000. ಸಂಬಳಕ್ಕೆ ಹತ್ತಿರ ಹತ್ತಿರ! ನೋಂದಣಿ ಕಚೇರಿಯಿಂದ ಹೊರಬಂದಾಗ ತಿಂಗಳಿಡೀ ದುಡಿದರೆ ಸಿಗುವುದು ಒಂದೇ ಬೆಳಿಗ್ಗೆ ಸಿಕ್ಕಿತಲ್ಲ ಎಂದು ಕಾಲು ನೆಲದ ಮೇಲಿರಲಿಲ್ಲ.

ಬಹಳಷ್ಟು ಹುಡುಗರು ರಾಜೀನಾಮೆ ಬರೆಯುವುದು ಇದೇ ದಿನ. ನನಗೆ ಅಕೌಂಟ್ಸ್ ಬುದ್ಧಿ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವ ಚಟ. ತೆಗೆದು ನೋಡಿದರೆ, ಆ ‘ಒಂದೇ ಬೆಳಿಗ್ಗೆ’ಯ ಹಿಂದೆ ಐದು ತಿಂಗಳಿತ್ತು. ಸೈಟಿಗೆ 11 ಸಲ ಹೋಗಿದ್ದೆ. ಪೆಟ್ರೋಲ್, ಚಹಾ, ಝೆರಾಕ್ಸ್ ಸೇರಿ 2,600 ರೂಪಾಯಿ ಖರ್ಚು. ಗಂಟೆ ಲೆಕ್ಕ ಹಾಕಿದರೆ ಸುಮಾರು 70. ಅಂದರೆ ಗಂಟೆಗೆ 234 ರೂಪಾಯಿ. ಕಾರ್ಖಾನೆಯಲ್ಲಿ ನನ್ನ ಗಂಟೆಯ ಬೆಲೆ 112. ಇಷ್ಟಕ್ಕೇ ನಿಲ್ಲಿಸಿದ್ದರೆ ರಿಯಲ್ ಎಸ್ಟೇಟೇ ಗೆದ್ದ ಹಾಗೆ.

ಆದರೆ ಮುಗಿದ ವ್ಯವಹಾರವೊಂದನ್ನೇ ಹಿಡಿದು ಲೆಕ್ಕ ಹಾಕುವುದು ಲೆಕ್ಕವಲ್ಲ. ಮುಂದಿನ ತಿಂಗಳುಗಳನ್ನೂ ಬರೆಯುತ್ತ ಹೋದೆ. 2023ರ ಏಪ್ರಿಲ್‌ನಿಂದ 2024ರ ಜೂನ್‌ವರೆಗೆ, 15 ತಿಂಗಳಲ್ಲಿ, ವಿಚಾರಿಸಿ ಬಂದವರು 62 ಜನ. ಜಾಗ ನೋಡಲು ಬಂದವರು 19. ಅಡ್ವಾನ್ಸ್ ಮಾತುಕತೆಗೆ ಬಂದದ್ದು 5. ನೋಂದಣಿಯಾದದ್ದು 3. ಸಿಕ್ಕಿದ ಕಮಿಷನ್ 19,000, 27,500 ಮತ್ತು 34,000, ಒಟ್ಟು 80,500. ಖರ್ಚು 22,000 ಕಳೆದರೆ 58,500. ನಾನು ಹಾಕಿದ ಹೊತ್ತು ಸುಮಾರು 620 ಗಂಟೆ. ಈಗ ಗಂಟೆಯ ಬೆಲೆ 94 ರೂಪಾಯಿ! ಒಂದು ಡೀಲ್ ನೋಡಿದರೆ ಸಂಬಳದ ಎರಡರಷ್ಟು, ಹದಿನೈದು ತಿಂಗಳು ನೋಡಿದರೆ ಸಂಬಳಕ್ಕಿಂತ ಕಡಿಮೆ.

ಉಳಿದ 59 ಜನ ಎಲ್ಲಿ ಹೋದರು? ಒಬ್ಬರಿಗೆ ಬ್ಯಾಂಕ್ ಸಾಲ ಮಂಜೂರಾಗಲಿಲ್ಲ. ಒಂದು ಕಡೆ ಅಡ್ವಾನ್ಸ್ ದಿನ, ಅದುವರೆಗೆ ಹೆಸರೇ ಕೇಳಿರದ ಮಾರಾಟಗಾರರ ತಮ್ಮ ಪ್ರತ್ಯಕ್ಷನಾಗಿ ‘ನನ್ನ ಪಾಲು?’ ಎಂದ. ಇನ್ನೊಬ್ಬರಿಗೆ ಎಲ್ಲವೂ ಒಪ್ಪಿಗೆಯಾಗಿ, ಕೊನೆಗೆ ಅವರ ಅತ್ತೆ ಬಂದು, ‘ದಕ್ಷಿಣ ದಿಕ್ಕಿನ ಬಾಗಿಲು ನಮಗೆ ಆಗಿಬರಲ್ಲ’ ಎಂದರು. ಒಬ್ಬ ಕೊಳ್ಳುವವರು ನನ್ನನ್ನು ಬಿಟ್ಟು ಮಾರುವವರ ಮನೆಗೇ ಹೋಗಿ ಮಾತು ಮುಗಿಸಿಕೊಂಡರು. ಅಂದಿನಿಂದ ಜಾಗ ತೋರಿಸುವ ಮೊದಲೇ ಕಮಿಷನ್ ಎಷ್ಟು, ಯಾರು ಕೊಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಸಿ ಸಹಿ ಪಡೆಯುತ್ತೇನೆ. ಹೆಚ್ಚಿನವರು ಜಾಗ ನೋಡಿ, ಎಳನೀರು ಕುಡಿದು, ‘ಹೇಳ್ತೀವಿ’ ಎಂದು ಹೋದವರು. ಇನ್ನೂ ಹೇಳಿಲ್ಲ.

ಈ ವೃತ್ತಿಗೆ ಪಂಚಾಂಗವೂ ಇದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಬಹಳ ಜನ ಅಡ್ವಾನ್ಸನ್ನೂ ಕೊಡುವುದಿಲ್ಲ. 2023ರಲ್ಲಿ ಅಧಿಕ ಶ್ರಾವಣ ಬೇರೆ ಸೇರಿಕೊಂಡಿತ್ತು. ಶ್ರಾವಣ, ದಸರಾ, ದೀಪಾವಳಿ, ಯುಗಾದಿಯಿಂದ ಅಕ್ಷಯ ತೃತೀಯದವರೆಗಿನ ದಿನಗಳೇ ಸುಗ್ಗಿ. ಸಂಬಳದವನಿಗೆ ವರ್ಷಕ್ಕೆ ಹನ್ನೆರಡು ತಿಂಗಳು, ನಮಗೆ ಏಳೆಂಟೇ ತಿಂಗಳು.

2.4 ಲಕ್ಷದ ಪರೀಕ್ಷೆ

2024ರ ಫೆಬ್ರುವರಿಯಲ್ಲಿ ಒಂದು ದೊಡ್ಡ ವ್ಯವಹಾರ ಬಂತು. ಎಚ್.ಡಿ. ಕೋಟೆ ರಸ್ತೆಯ ಕಡೆ ಎರಡು ಎಕರೆ ಜಮೀನು, ಎಕರೆಗೆ 60 ಲಕ್ಷ. ಕೊಳ್ಳುವವರು ಬೆಂಗಳೂರಿನ ಐ.ಟಿ. ಉದ್ಯೋಗಿ ದಂಪತಿ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಲ್ಲ, ಹಾಗಾಗಿ ತೋಟ ಮಾಡುವ ಆಸೆಯಿಂದ ಬಂದಿದ್ದರು. ಶೇ 2ರ ಕಮಿಷನ್, ಅಂದರೆ 2.4 ಲಕ್ಷ. ಹತ್ತು ತಿಂಗಳ ಸಂಬಳ! ಇದು ಮುಗಿದರೆ ಮಾರ್ಚ್ ಒಂದಕ್ಕೇ ರಾಜೀನಾಮೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಈಗಿನ ಪಹಣಿ, ಇ.ಸಿ. ಎಲ್ಲ ಶುದ್ಧವಾಗಿದ್ದವು. ಅಭ್ಯಾಸಬಲದಿಂದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಕೈಬರಹದ ಪಹಣಿಗೆ ಅರ್ಜಿ ಹಾಕಿದೆ. ಬಂದ ನಕಲಿನಲ್ಲಿ, ಆ ಜಮೀನು ಮೂಲದಲ್ಲಿ ದರಖಾಸ್ತಿನಲ್ಲಿ ಒಂದು ಪರಿಶಿಷ್ಟ ಜಾತಿ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದು ಎಂದಿತ್ತು. ಈಗ ಮಾರುತ್ತಿರುವವರ ತಂದೆ 1986ರಲ್ಲಿ ಅವರಿಂದ ಕೊಂಡಿದ್ದರು. ಸರ್ಕಾರದ ಅನುಮತಿ ಪಡೆದ ಕಾಗದ ಎಲ್ಲೂ ಇಲ್ಲ.

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಇದು 1978ರ ಕಾಯ್ದೆ. ಎಲ್ಲರೂ ಪಿಟಿಸಿಎಲ್ ಎನ್ನುತ್ತಾರೆ. ಅನುಮತಿ ಇಲ್ಲದೆ ಮಾರಾಟವಾಗಿದ್ದರೆ ಮೂಲ ಕುಟುಂಬದವರು ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಜಮೀನು ವಾಪಸ್ ಕೇಳಬಹುದು. ‘ಬಹಳ ವರ್ಷವಾಯಿತು’ ಎನ್ನುವ ಕಾರಣಕ್ಕೆ ಅಂಥ ಅರ್ಜಿ ಬಿದ್ದುಹೋಗಬಾರದೆಂದು 2023ರಲ್ಲಿ ತಿದ್ದುಪಡಿಯನ್ನೂ ಮಾಡಲಾಗಿದೆ. ಬಡವರ ಭೂಮಿ ಕೈತಪ್ಪದಿರಲಿ ಎಂದು ಮಾಡಿದ ಕಾನೂನು. ಗೊತ್ತಿಲ್ಲದೆ ಕೊಂಡವರು 1.2 ಕೋಟಿ ಕೊಟ್ಟು ಕಚೇರಿ ಅಲೆಯಬೇಕಾಗುತ್ತಿತ್ತು.

ಜೊತೆಗಿದ್ದ ಹಿರಿಯ ಏಜೆಂಟ್, ‘ಬ್ಯಾಂಕ್ ಸಾಲ ಇಲ್ಲ, ಲೀಗಲ್ ಒಪೀನಿಯನ್ ಯಾರೂ ಕೇಳಲ್ಲ. ನಲವತ್ತು ವರ್ಷದಿಂದ ಯಾರೂ ಬಂದಿಲ್ಲ, ಇನ್ಯಾರು ಬರ್ತಾರೆ? ಸುಮ್ನಿರು’ ಎಂದರು. ಅಂದು ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಹಾಗೇನೂ ಆಗಲಿಲ್ಲ. ಸಂಜೆಯೇ ಫೋನ್ ಮಾಡಿ ಆ ದಂಪತಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಹಿಂದೆ ಸರಿದರು. ಮಾರುವವರು, ‘ಬ್ರೋಕರ್ ಆಗಿ ಲಾಯರ್ ಕೆಲಸ ಮಾಡ್ತೀಯೇನೋ?’ ಎಂದು ಕೂಗಾಡಿದರು. ಹಿರಿಯ ಏಜೆಂಟ್ ಫೋನ್ ಮಾಡುವುದನ್ನೇ ಬಿಟ್ಟರು. ಆ ತಿಂಗಳ ಕಮಿಷನ್ ಸೊನ್ನೆ.

ಮನೆಯಲ್ಲಿ ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಅದುವರೆಗೆ ನಾನು ಭಾನುವಾರ ಗಾಡಿ ತೆಗೆದರೆ ಮುಖ ತಿರುಗಿಸುತ್ತಿದ್ದವರು. ಆಮೇಲೆ, ‘ಅವತ್ತು ನನಗೆ ಇಷ್ಟು ಹೇಳೋರು ಒಬ್ಬರು ಇದ್ದಿದ್ರೆ ಸಾಕಿತ್ತು ಕಣೋ’ ಎಂದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.

ಆ ಫೋನ್ ಮಾಡಲು ನನಗೆ ಕಷ್ಟವಾಗಲಿಲ್ಲ. ಯಾಕೆ ಎಂದು ಆಮೇಲೆ ಯೋಚಿಸಿದೆ. ನಾನು ಸತ್ಯಹರಿಶ್ಚಂದ್ರ ಎಂದೇನಲ್ಲ. ಒಂದನೇ ತಾರೀಖು 23,400 ಬರುವುದು ಗ್ಯಾರಂಟಿ ಇತ್ತು, ಅಷ್ಟೇ. ಅದೇ ನಾನು ಕೆಲಸ ಬಿಟ್ಟು, ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟುಕೊಂಡು, ಅಮ್ಮನ ಮಾತ್ರೆಗೆ ಸಾಲ ಮಾಡುವ ಸ್ಥಿತಿಯಲ್ಲಿದ್ದಿದ್ದರೆ? ‘ನಲವತ್ತು ವರ್ಷದಿಂದ ಯಾರೂ ಬಂದಿಲ್ಲವಲ್ಲ’ ಎಂಬ ಮಾತು ನನಗೂ ಸರಿ ಎನಿಸುತ್ತಿತ್ತೋ ಏನೋ. 2009ರಲ್ಲಿ ಅಪ್ಪನಿಗೆ ಸೈಟು ತೋರಿಸಿದವನ ಮನೆಯಲ್ಲೂ ಆ ತಿಂಗಳ ಬಾಡಿಗೆ ಬಾಕಿ ಇದ್ದಿರಬಹುದು.

ಕೆಲಸ ಯಾವಾಗ ಬಿಡಬೇಕು ಎನ್ನುವುದಕ್ಕೆ ನನಗೆ ಉತ್ತರ ಸಿಕ್ಕಿದ್ದು ಅಲ್ಲಿ. ಒಂದು ದೊಡ್ಡ ಕಮಿಷನ್ ಸಿಕ್ಕಾಗ ಅಲ್ಲ. ‘ಇದನ್ನು ಕೊಳ್ಳಬೇಡಿ’ ಎಂದು ಗಿರಾಕಿಗೆ ಹೇಳಲು ಸಂಬಳದ ಆಸರೆ ಬೇಡವಾದಾಗ.

ಹೊರಡುವ ಮುನ್ನ ಕಟ್ಟಿಕೊಂಡ ಬುತ್ತಿ

ಆ ಆಸರೆಯನ್ನು ನಾನೇ ಕಟ್ಟಿಕೊಳ್ಳಬೇಕಿತ್ತು. ನೋಟ್‌ಬುಕ್ಕಿನಲ್ಲಿ ನಾಲ್ಕು ಷರತ್ತು ಬರೆದುಕೊಂಡೆ. ನಾಲ್ಕೂ ಆಗುವವರೆಗೆ ಬಿಡಬಾರದು ಎಂದು ತಂಗಿಯ ಮುಂದೆ ಮಾತು ಕೊಟ್ಟೆ. ಅವಳು ಮರೆಯುವವಳಲ್ಲ.

ಮೊದಲನೆಯದು ಮನೆ ಖರ್ಚಿನ ಹಣ. ಎಷ್ಟು ತಿಂಗಳದ್ದು? ಮೂರು ತಿಂಗಳು, ಆರು ತಿಂಗಳು ಎಂದು ಯಾರೋ ಹೇಳಿದ್ದನ್ನು ನಂಬುವ ಬದಲು ನನ್ನ ನೋಟ್‌ಬುಕ್ ನೋಡಿದೆ. ಎರಡನೆಯ ಕಮಿಷನ್ ಬಂದದ್ದು 2023ರ ನವೆಂಬರ್‌ನಲ್ಲಿ, ಮೂರನೆಯದು 2024ರ ಮೇ ತಿಂಗಳಲ್ಲಿ. ನಡುವೆ ಆರು ತಿಂಗಳು. ಅದರ ಮೇಲೆ ಎರಡು ತಿಂಗಳು ಸೇರಿಸಿ ಎಂಟು ತಿಂಗಳು ಎಂದು ನಿಶ್ಚಯಿಸಿದೆ. 21,000ದಂತೆ 1,68,000. ಕಮಿಷನ್‌ನಲ್ಲಿ ಉಳಿದ 58,500ನ್ನು ಮುಟ್ಟಲಿಲ್ಲ. ಸಂಬಳದಲ್ಲಿ ತಿಂಗಳಿಗೆ 5,000 ಉಳಿಸಿದೆ, 75,000 ಆಯಿತು. ಉಳಿದದ್ದು ಹಳೆಯ ಚೀಟಿ ಹಣ. ಅದನ್ನು ಬೇರೆಯದೇ ಖಾತೆಯಲ್ಲಿಟ್ಟು, ಎಟಿಎಂ ಕಾರ್ಡನ್ನು ಅಮ್ಮನ ಕೈಗೆ ಕೊಟ್ಟೆ.

ಎರಡನೆಯದು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ–ಅಮ್ಮನೂ ಸೇರಿದ್ದರು. ಕೆಲಸ ಬಿಟ್ಟ ದಿನವೇ ಅದು ಮುಗಿಯುತ್ತದೆ. ಹೊಸ ವಿಮೆ ಮಾಡಿಸಿದರೆ, ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದದ್ದರಿಂದ 2023ರ ಮೇ ತಿಂಗಳಲ್ಲೇ, ಅಂದರೆ ಬಿಡುವುದಕ್ಕೆ 14 ತಿಂಗಳು ಮುಂಚೆಯೇ ಸ್ವಂತ ವಿಮೆ ಮಾಡಿಸಿದೆ. ಕಾಯುವ ಅವಧಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಸಂಬಳ ಬರುತ್ತಿರುವಾಗಲೇ ಕಳೆಯಿತು. ನಾಲ್ಕರಲ್ಲಿ ಇದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಮರೆಯುವುದೂ ಇದನ್ನೇ.

ಮೂರನೆಯದು ತಾರೀಖು. ಒಂದೇ ಕಡೆ ಸತತ ಐದು ವರ್ಷ ಕೆಲಸ ಮಾಡಿದ ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗುತ್ತದೆ. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸುವುದು. ನನ್ನದು 15,600. ಹಾಗೆ ಐದು ವರ್ಷಕ್ಕೆ 45,000 ರೂಪಾಯಿ. ಆ 2.4 ಲಕ್ಷದ ಆಸೆಗೆ ಮಾರ್ಚ್‌ನಲ್ಲಿ ಬಿಟ್ಟಿದ್ದರೆ ಐದು ವರ್ಷ ತುಂಬುತ್ತಿರಲಿಲ್ಲ. ಪಿ.ಎಫ್. ಕೂಡ ಹಾಗೆಯೇ. ಐದು ವರ್ಷದ ಒಳಗೆ ತೆಗೆದರೆ ತೆರಿಗೆ ಬೀಳುತ್ತದೆ. ನಾನು ತೆಗೆಯಲೇ ಇಲ್ಲ, ಅದು ಹಾಗೇ ಇರಲಿ.

ನಾಲ್ಕನೆಯದು ಸಾಲ. ಬೈಕಿನ ಕಂತು 2024ರ ಮಾರ್ಚ್‌ಗೆ ಮುಗಿಯಿತು. ಸಂಬಳದ ಚೀಟಿ ಇದ್ದಾಗ ಸಾಲ ಕೊಡಲು ಬ್ಯಾಂಕಿನವರೇ ಫೋನ್ ಮಾಡುತ್ತಾರೆ. ಅದು ಇಲ್ಲದಾಗ ಎರಡು–ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ. ಆದ್ದರಿಂದ ಸಾಲ ಇಟ್ಟುಕೊಂಡು ಹೊರಡುವುದೂ ಕಷ್ಟ, ಹೊರಟ ಮೇಲೆ ಸಾಲ ಹುಟ್ಟುವುದೂ ಕಷ್ಟ.

ಜೂನ್ 30ಕ್ಕೆ ಐದು ವರ್ಷ ತುಂಬಿತು. ಜುಲೈ 1ರಂದು ಒಂದು ತಿಂಗಳ ನೋಟಿಸ್ ಕೊಟ್ಟೆ. ಅದು ಹೇಗೂ ಆಷಾಢ ಬರುವ ತಿಂಗಳು, ಸೈಟು ಕೇಳುವವರಿರುವುದಿಲ್ಲ. ಜುಲೈ 31 ಕೊನೆಯ ದಿನ, ಆಗಸ್ಟ್ 5ಕ್ಕೆ ಶ್ರಾವಣ ಶುರು. ಮುಹೂರ್ತ ಎಂದರೆ ಇದೇ!

ಬಿಟ್ಟ ಮೇಲಿನ ಆರು ತಿಂಗಳು

ಮೊದಲು ಮಾಡಿದ ಕೆಲಸ ರೇರಾ ನೋಂದಣಿ. 2016ರ ಕಾಯ್ದೆಯ ಪ್ರಕಾರ, ರೇರಾದಲ್ಲಿ ನೋಂದಾಯಿತವಾದ ಬಡಾವಣೆ, ಅಪಾರ್ಟ್‌ಮೆಂಟ್‌ಗಳನ್ನು ಮಾರಿಸಬೇಕಾದರೆ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು. ಕರ್ನಾಟಕದಲ್ಲಿ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ಅವಧಿ ಐದು ವರ್ಷ. ನೋಂದಣಿ ಇಲ್ಲದೆ ಮಾಡಿದರೆ ದಿನಕ್ಕೆ 10,000 ರೂಪಾಯಿಯಂತೆ ದಂಡ ಬೀಳಬಹುದು, ಅದು ಆಸ್ತಿಯ ಬೆಲೆಯ ಶೇ 5ರವರೆಗೂ ಏರಬಹುದು. ನೋಂದಣಿಯಾಗಬೇಕಿದ್ದೂ ಆಗದ ಬಡಾವಣೆಯ ಸೈಟನ್ನು ನಾವು ಮಾರಿಸುವಂತೆಯೇ ಇಲ್ಲ. ಈ ಶುಲ್ಕವನ್ನು ಗ್ರಾಚ್ಯುಟಿ ಹಣದಿಂದ ಕಟ್ಟಿದೆ. ನಮ್ಮ ಮನೆಯಲ್ಲಿ ಬೈಗುಳವಾಗಿದ್ದ ವೃತ್ತಿಗೆ ಸರ್ಕಾರದ ನೋಂದಣಿ ಸಂಖ್ಯೆ ಬಂದಾಗ ಅಪ್ಪ ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಇನ್ನು ಆದಾಯ. ಆಗಸ್ಟ್ ಸೊನ್ನೆ. ಸೆಪ್ಟೆಂಬರ್ ಸೊನ್ನೆ. ಅಕ್ಟೋಬರ್ 42,000. ದೀಪಾವಳಿಯ ನವೆಂಬರ್ 1,15,000. ಡಿಸೆಂಬರ್ 18,000. ಜನವರಿ ಮತ್ತೆ ಸೊನ್ನೆ. ಸೆಪ್ಟೆಂಬರ್ ಕೊನೆಯಲ್ಲಿ ಪಿತೃಪಕ್ಷ, ವರ್ಷದ ಕೊನೆಗೆ ಧನುರ್ಮಾಸ. ನಡುವೆ ನೋಂದಣಿಗೆ ಇ–ಖಾತಾ ಕಡ್ಡಾಯವಾಗಿ, ಅದು ಕೈಗೆ ಬರುವವರೆಗೆ ಮಾತು ಮುಗಿದ ವ್ಯವಹಾರಗಳೂ ಕಾಯಬೇಕಾಯಿತು. ಆರು ತಿಂಗಳ ಒಟ್ಟು 1,75,000. ತಿಂಗಳಿಗೆ ಸುಮಾರು 29,000. ಪೆಟ್ರೋಲ್, ಫೋನ್, ಓಡಾಟದ 6,500 ಕಳೆದರೆ ಸುಮಾರು 22,700. ಹಳೆಯ ಸಂಬಳಕ್ಕಿಂತ ಸ್ವಲ್ಪ ಕಡಿಮೆಯೇ! ಕಾರು ಕೊಂಡಿಲ್ಲ, ಕೊರಳಿಗೆ ದಪ್ಪ ಸರವೂ ಬಂದಿಲ್ಲ.

ಆದರೆ ಎರಡು ಸಂಗತಿ ಬದಲಾಗಿವೆ. ಒಂದು, ಎಚ್.ಡಿ. ಕೋಟೆ ರಸ್ತೆಯ ಜಮೀನು ಬೇಡವೆಂದ ಆ ದಂಪತಿ ತಮ್ಮ ಸಹೋದ್ಯೋಗಿಯೊಬ್ಬರನ್ನು ನನ್ನ ಬಳಿ ಕಳಿಸಿದರು. ನವೆಂಬರ್‌ನ ಹಣದಲ್ಲಿ ದೊಡ್ಡ ಪಾಲು ಅವರ ಮನೆ ಖರೀದಿಯದು. ಇನ್ನೊಂದು, ನನಗೆ ನಾನೇ ಸಂಬಳ ಕೊಟ್ಟುಕೊಳ್ಳುತ್ತೇನೆ. ಕಮಿಷನ್ ಎಲ್ಲ ಒಂದು ಖಾತೆಗೆ ಹೋಗುತ್ತದೆ. ಒಂದನೇ ತಾರೀಖು ಅಲ್ಲಿಂದ 21,000 ಮಾತ್ರ ಮನೆ ಖಾತೆಗೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬುತ್ತಿಯ ಹಣದಿಂದ ಕೊಟ್ಟೆ, ನವೆಂಬರ್‌ನಲ್ಲಿ ಅದನ್ನು ಮತ್ತೆ ತುಂಬಿಸಿದೆ. 1,15,000 ಬಂದ ತಿಂಗಳೂ ಮನೆಗೆ 21,000ವೇ. ಮೊಬೈಲ್ ‘ಟಿಣ್’ ಎನ್ನುವುದು ನಿಂತಿಲ್ಲ.

ಅಪ್ಪನ ಸೈಟಿನ ಕಥೆ ಕೇಳಿದರೆ, ಅದು ಇನ್ನೂ ಹಾಗೆಯೇ ಇದೆ. ಅರ್ಜಿ, ಓಡಾಟ ನಡೆಯುತ್ತಿದೆ. ಎಲ್ಲ ಗಂಟನ್ನೂ ಬಿಡಿಸುವುದು ನನ್ನಿಂದ ಆಗದು. ಇನ್ನೊಬ್ಬರು ಅಂಥ ಗಂಟಿಗೆ ಸಿಕ್ಕಿಕೊಳ್ಳದ ಹಾಗೆ ನೋಡುವುದು ಆಗುತ್ತದೆ.

ಹುಡುಕುತ್ತಿರುವವರಿಗೆ

ಕಾಲೇಜು ಮುಗಿಸಿ ನೇರವಾಗಿ ಇದಕ್ಕೆ ಇಳಿಯಬಹುದೇ ಎಂದು ತಮ್ಮಂದಿರು ಕೇಳುತ್ತಾರೆ. ಮನೆಯಲ್ಲಿ ನಿಮ್ಮ ದುಡಿಮೆಗಾಗಿ ಯಾರೂ ಕಾಯುತ್ತಿಲ್ಲವಾದರೆ ಇಳಿಯಿರಿ. ಕಾಯುತ್ತಿದ್ದರೆ ಮೊದಲು ಒಂದು ಸಂಬಳದ ಕೆಲಸ ಹಿಡಿಯಿರಿ. ಈ ರಂಗವೇ ಬೇಕೆಂದರೆ ನಡುದಾರಿಯೂ ಇದೆ. ಬಡಾವಣೆ ಕಟ್ಟುವ ಕಂಪನಿಗಳು ಮಾರಾಟ ವಿಭಾಗಕ್ಕೆ ಸಂಬಳ ಮತ್ತು ಇನ್ಸೆಂಟಿವ್ ಕೊಟ್ಟು ತೆಗೆದುಕೊಳ್ಳುತ್ತವೆ. ಅಲ್ಲಿ ಎರಡು ವರ್ಷವಿದ್ದರೆ ಗಿರಾಕಿಯೊಂದಿಗೆ ಮಾತನಾಡುವುದು, ಬ್ಯಾಂಕಿನ ಸಾಲದ ದಾರಿ, ನೋಂದಣಿ ಕಚೇರಿಯ ನಡೆ ಎಲ್ಲ ತಿಳಿಯುತ್ತವೆ. ಹೆಣ್ಣುಮಕ್ಕಳಿಗೂ ಇಲ್ಲಿ ಒಳ್ಳೆಯ ಅವಕಾಶವಿದೆ. ಮನೆ ನೋಡಲು ಬರುವ ಗೃಹಿಣಿಯರು ನನಗಿಂತ ನನ್ನ ಸಹಪಾಠಿ ಗೆಳತಿಯ ಜೊತೆ ಬಿಚ್ಚುಮನಸ್ಸಿನಿಂದ ಮಾತನಾಡುತ್ತಾರೆ. ಆದರೆ ಊರ ಹೊರಗಿನ ಸೈಟಿಗೆ ಅಪರಿಚಿತರ ಜೊತೆ ಒಬ್ಬಳೇ ಹೋಗುವುದಿಲ್ಲ ಎಂಬ ನಿಯಮ ಅವಳದು. ಅದನ್ನು ಮುರಿದದ್ದು ನಾನು ಕಂಡಿಲ್ಲ.

ಕಲಿಯಲು ದುಡ್ಡು ಬೇಕಿಲ್ಲ. ನಿಮ್ಮ ಊರಿನ, ನಿಮ್ಮದೇ ಮನೆಯ ಪಹಣಿಯನ್ನೋ ಖಾತೆಯನ್ನೋ ತೆಗೆದು ಒಂದೊಂದು ಕಾಲಂ ಓದಿ ಅರ್ಥಮಾಡಿಕೊಳ್ಳಿ. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ ಎಂಬಲ್ಲಿಂದ ಶುರು ಮಾಡಿ. ಒಂದು ನೋಟ್‌ಬುಕ್ ಇಡಿ. ಬಂದವರೆಷ್ಟು, ನೋಡಿದವರೆಷ್ಟು, ಕೊಂಡವರೆಷ್ಟು, ಖರ್ಚೆಷ್ಟು ಎಲ್ಲವನ್ನೂ ಬರೆಯಿರಿ. ಒಂದು ವರ್ಷದ ಪಂಚಾಂಗ ಪೂರ್ತಿ ಕಳೆಯುವವರೆಗೆ ಯಾವ ತೀರ್ಮಾನವನ್ನೂ ಮಾಡಬೇಡಿ. ಸುಗ್ಗಿಯಲ್ಲಿ ಎಲ್ಲರೂ ಜಾಣರೇ, ಆಷಾಢದಲ್ಲಿ ಏನಾಗುತ್ತದೆ ನೋಡಿ.

ಅಷ್ಟಾದ ಮೇಲೆ ನಿಮ್ಮ ಮನೆಯ ಬುತ್ತಿ ಎಷ್ಟು ತಿಂಗಳಿಗಿದೆ ಎಂದು ಎಣಿಸಿ. ಆ ಹಣ ಧೈರ್ಯಕ್ಕಾಗಿ ಅಲ್ಲ, ನಿಯತ್ತಿಗಾಗಿ. ಅದು ಸಾಕಷ್ಟಿದೆ ಎನಿಸಿದ ದಿನ ರಾಜೀನಾಮೆ ಬರೆಯಿರಿ. ಅಲ್ಲಿಯವರೆಗೆ ಸೋಮವಾರದಿಂದ ಶನಿವಾರ ಕೆಲಸಕ್ಕೆ ಹೋಗಿ, ಭಾನುವಾರ ಸೈಟು ನೋಡಿ.